ಇಳಿಯದ ಇ-ಮೇಲ್: ತಾಂತ್ರಿಕ ದೋಷವೋ, ವ್ಯವಹಾರದ ಲೋಪವೋ?

ಸಣ್ಣ ಕೈಗಾರಿಕಾ ಘಟಕಗಳ ಹಾಗೂ ವರ್ತಕರ ಕಚೇರಿಗಳಲ್ಲಿ ಬೆಳಗಿನ ಮೊದಲ ಕೆಲಸ ದೇವರ ಪಟಕ್ಕೆ ಊದುಬತ್ತಿ ಹಚ್ಚುವುದಾದರೆ, ಎರಡನೆಯದು ಗಣಕಯಂತ್ರವನ್ನು ಚಾಲೂ ಮಾಡಿ ಇ-ಮೇಲ್ ತಂತ್ರಾಂಶವನ್ನು ತೆರೆಯುವುದು. ಔಟ್‌ಲುಕ್ ಅಥವಾ ಥಂಡರ್‌ಬರ್ಡ್ ತೆರೆದು, ಹೊಸ ಪತ್ರಗಳನ್ನು ತರುವ ಗುಂಡಿಯನ್ನೊತ್ತಿ, ಏನೂ ಇಳಿಯದಿದ್ದಾಗ ಗುಮಾಸ್ತರು "ಇವತ್ತು ಮೇಲ್ ಏನೂ ಇಲ್ಲ ಸಾರ್" ಎಂದು ಮಾಲೀಕರಿಗೆ ವರದಿ ಒಪ್ಪಿಸುತ್ತಾರೆ. ಮಾಲೀಕರೂ ನಿಶ್ಚಿಂತೆಯಿಂದ ಮುಂದಿನ ಕೆಲಸಕ್ಕೆ ತೊಡಗುತ್ತಾರೆ. ಮೇಲ್ ಬಂದಿಲ್ಲ ಎಂಬುದು ಒಂದು ಸಂಗತಿ, ಬಂದ ಮೇಲ್ ಇಳಿದಿಲ್ಲ ಎಂಬುದು ಇನ್ನೊಂದು ಸಂಗತಿ. ಇವೆರಡರ ನಡುವಣ ಅಂತರವನ್ನು ತಿಳಿಯದ ಕಾರಣ ಅನೇಕ ಸಂಸ್ಥೆಗಳು ತೆರುತ್ತಿರುವ ದಂಡ ಅಲ್ಪವಾದುದಲ್ಲ.

ದೋಷ ಬೆಳಕಿಗೆ ಬರುವುದು ಸಾಮಾನ್ಯವಾಗಿ ಹತ್ತು ಹದಿನೈದು ದಿನಗಳ ನಂತರ. ಖರೀದಿ ಆದೇಶ ಕಳುಹಿಸಿದ ಗ್ರಾಹಕರು ಉತ್ತರ ಬಾರದೆ ಬೇಸತ್ತು ದೂರವಾಣಿ ಮಾಡುತ್ತಾರೆ. ಅಷ್ಟರಲ್ಲಿ ಆದೇಶ ಬೇರೆಯವರ ಪಾಲಾಗಿರುತ್ತದೆ. ಟೆಂಡರಿನ ಸ್ಪಷ್ಟೀಕರಣಕ್ಕೆ ಕೊಟ್ಟ ದಿನಾಂಕ ಮೀರಿರುತ್ತದೆ. ಎಲ್ಲಕ್ಕಿಂತ ಕಷ್ಟದ್ದೆಂದರೆ ತೆರಿಗೆ ಇಲಾಖೆಯ ನೋಟೀಸಿನ ಅವಧಿ ಮುಗಿದಿರುತ್ತದೆ. ಆಗ ಮಾಲೀಕರ ಬಾಯಿಂದ ಬರುವ ಮೊದಲ ಮಾತು "ನಮ್ಮ ಔಟ್‌ಲುಕ್ ಕೆಟ್ಟಿತ್ತು" ಎಂಬುದು. ಈ ಸಮಾಧಾನವನ್ನು ಗ್ರಾಹಕರು ಒಪ್ಪಬಹುದು, ಕಾಯಿದೆ ಒಪ್ಪುವುದಿಲ್ಲ.

ಪತ್ರವು ಯಾವಾಗ ತಲುಪಿತು ಎಂಬ ಪ್ರಶ್ನೆಗೆ 2000ದ ಮಾಹಿತಿ ತಂತ್ರಜ್ಞಾನ ಕಾಯಿದೆಯ 13ನೇ ಕಲಂ ಉತ್ತರ ಕೊಡುತ್ತದೆ. ಪಕ್ಷಗಾರರು ಬೇರೆ ರೀತಿ ಒಪ್ಪಿಕೊಂಡಿರದಿದ್ದಲ್ಲಿ, ಸ್ವೀಕರಿಸುವವರು ಯಾವ ಗಣಕ ವ್ಯವಸ್ಥೆಯನ್ನು ಇದಕ್ಕೆಂದು ಗೊತ್ತುಪಡಿಸಿರುತ್ತಾರೋ ಅದನ್ನು ವಿದ್ಯುನ್ಮಾನ ದಾಖಲೆಯು ಪ್ರವೇಶಿಸಿದ ವೇಳೆಯೇ ಅದು ತಲುಪಿದ ವೇಳೆ. ಗೊತ್ತುಪಡಿಸಿದ್ದನ್ನು ಬಿಟ್ಟು ತಮ್ಮದೇ ಇನ್ನೊಂದು ವಿಳಾಸಕ್ಕೆ ಬಂದಾಗ ಮಾತ್ರ, ಸ್ವೀಕರಿಸುವವರು ಅದನ್ನು ಪಡೆದುಕೊಂಡ ವೇಳೆ ಗಣನೆಗೆ ಬರುತ್ತದೆ. ಲೆಟರ್‌ಹೆಡ್ಡಿನ ಮೇಲೆ, ಬಿಲ್ಲಿನ ಮೇಲೆ, ನೋಂದಣಿ ಅರ್ಜಿಯಲ್ಲಿ ಒಂದು ಇ-ಮೇಲ್ ವಿಳಾಸವನ್ನು ಮುದ್ರಿಸಿಕೊಟ್ಟವರು ಅದನ್ನು ಗೊತ್ತುಪಡಿಸಲಿಲ್ಲವೆಂದು ಹೇಳುವುದು ಕಷ್ಟ. ಹೀಗಾಗಿ ಸರ್ವರ್‌ಗೆ ಬಂದು ಬಿದ್ದ ಪತ್ರ ಮೇಜಿನ ಮೇಲಿನ ಗಣಕಯಂತ್ರಕ್ಕೆ ಇಳಿಯಿತೋ ಇಲ್ಲವೋ ಎಂಬುದು ಸ್ವೀಕರಿಸುವವರ ಮನೆಯೊಳಗಿನ ವಿಚಾರವಾಗಿ ಉಳಿಯುತ್ತದೆ.

2017ರ ಕೇಂದ್ರ ಜಿಎಸ್‌ಟಿ ಕಾಯಿದೆಯ 169ನೇ ಕಲಂ ಇನ್ನೂ ನೇರವಾಗಿದೆ. ನೋಂದಣಿಯ ವೇಳೆ ಕೊಟ್ಟ, ಅಥವಾ ನಂತರ ತಿದ್ದುಪಡಿ ಮಾಡಿದ ಇ-ಮೇಲ್ ವಿಳಾಸಕ್ಕೆ ಕಳುಹಿಸುವುದು ನೋಟೀಸು ಜಾರಿಯ ವಿಧಾನಗಳಲ್ಲೊಂದು. ಪೋರ್ಟಲ್ಲಿನಲ್ಲಿ ಲಭ್ಯವಾಗಿಸುವುದು ಮತ್ತೊಂದು. ನೋಂದಣಿ ರದ್ದತಿಯ ಕಾರಣ ಕೇಳಿ ಬರುವ ನೋಟೀಸಿಗೆ ಉತ್ತರಿಸಲು ಇರುವ ಕಾಲಾವಕಾಶ 7 ಕೆಲಸದ ದಿನಗಳು. ಆದೇಶದ ವಿರುದ್ಧ 107ನೇ ಕಲಂ ಅಡಿಯಲ್ಲಿ ಮೇಲ್ಮನವಿ ಸಲ್ಲಿಸಲು 3 ತಿಂಗಳು, ಸಕಾರಣವಿದ್ದಲ್ಲಿ ಮೇಲ್ಮನವಿ ಪ್ರಾಧಿಕಾರ ಮನ್ನಿಸಬಹುದಾದದ್ದು ಇನ್ನೊಂದೇ ತಿಂಗಳು. ಆದಾಯ ತೆರಿಗೆಯಲ್ಲಿಯೂ ಇ-ಮೇಲ್ ಮೂಲಕ ಜಾರಿಗೆ ಮಾನ್ಯತೆಯುಂಟು. 1961ರ ಕಾಯಿದೆಯಡಿ ಬಂದ ಈ ಏರ್ಪಾಡನ್ನು 2025ರ ಹೊಸ ಕಾಯಿದೆಯೂ ಉಳಿಸಿಕೊಂಡಿದೆ.

ಸಣ್ಣ ತಯಾರಕರಿಗೆ ಇದರಲ್ಲಿ ಮತ್ತೊಂದು ತೊಡಕಿದೆ. 2006ರ ಎಂಎಸ್‌ಎಂಇಡಿ ಕಾಯಿದೆಯಡಿ ಖರೀದಿದಾರರು ಒಪ್ಪಂದವಿದ್ದರೂ 45 ದಿನಗಳನ್ನು ಮೀರದಂತೆ ಹಣ ಸಂದಾಯ ಮಾಡಬೇಕು, ತಪ್ಪಿದರೆ ಬ್ಯಾಂಕ್ ದರದ ಮೂರರಷ್ಟು ಚಕ್ರಬಡ್ಡಿ ತೆರಬೇಕು ಎಂಬುದನ್ನು ಎಲ್ಲರೂ ಬಲ್ಲರು. ಆದರೆ ಸರಕು ತಲುಪಿದ 15 ದಿನಗಳೊಳಗೆ ಖರೀದಿದಾರರು ಲಿಖಿತವಾಗಿ ಆಕ್ಷೇಪವೆತ್ತಿದರೆ, ಆ ಆಕ್ಷೇಪವನ್ನು ನಿವಾರಿಸಿದ ದಿನದಿಂದಲೇ ಲೆಕ್ಕ ಆರಂಭವಾಗುತ್ತದೆ. ಇ-ಮೇಲ್ ಕೂಡ ಲಿಖಿತವೇ. ಗುಣಮಟ್ಟದ ಬಗ್ಗೆ ಬಂದ ಎರಡು ಸಾಲಿನ ಆಕ್ಷೇಪ ಸರ್ವರ್‌ನಲ್ಲೇ ಉಳಿದು, ಅದನ್ನು ನೋಡದ ತಯಾರಕರು 45 ದಿನ ಎಣಿಸುತ್ತ ಕುಳಿತರೆ ಆ ಎಣಿಕೆಗೆ ಅರ್ಥವಿರುವುದಿಲ್ಲ.

ಆದ್ದರಿಂದ ಇ-ಮೇಲ್ ಇಳಿಯದಿರುವುದನ್ನು ಗಣಕಯಂತ್ರ ದುರಸ್ತಿಯವರಿಗೆ ಬಿಡುವ ಕ್ಷುಲ್ಲಕ ವಿಷಯವೆಂದು ಭಾವಿಸದೆ, ಲೆಕ್ಕಪತ್ರದ ವಿಷಯವೆಂದು ಪರಿಗಣಿಸುವುದು ಯುಕ್ತ. ವರ್ತಕರಿಗೆ ಇದಕ್ಕೆ ಬೇಕಾದ ಅಭ್ಯಾಸ ಹೊಸದೇನಲ್ಲ. ನಗದು ಪುಸ್ತಕದ ಬ್ಯಾಂಕ್ ಅಂಕಣವೊಂದನ್ನೇ ನಂಬಿ ಯಾವ ವ್ಯಾಪಾರಿಯೂ ಚೆಕ್ ಬರೆಯುವುದಿಲ್ಲ. ಪಾಸ್‌ಬುಕ್ ತರಿಸಿ, ಎರಡನ್ನೂ ತಾಳೆ ನೋಡಿ, ಬ್ಯಾಂಕ್ ಹೊಂದಾಣಿಕೆ ತಃಖ್ತೆ ತಯಾರಿಸುವುದು ಪದ್ಧತಿ. ಇ-ಮೇಲಿನಲ್ಲಿಯೂ ಎರಡು ಪುಸ್ತಕಗಳಿವೆ. ಸೇವೆ ಒದಗಿಸುವ ಸಂಸ್ಥೆಯ ಸರ್ವರ್‌ನಲ್ಲಿರುವುದು ಪಾಸ್‌ಬುಕ್. ಕಚೇರಿಯ ಔಟ್‌ಲುಕ್ ಅಥವಾ ಥಂಡರ್‌ಬರ್ಡ್‌ನಲ್ಲಿ ಕಾಣುವುದು ತಾನೇ ಬರೆದುಕೊಂಡ ನಗದು ಪುಸ್ತಕ. ಬ್ರೌಸರ್ ತೆರೆದು ವೆಬ್‌ಮೇಲ್ ಮೂಲಕ ಪಾಸ್‌ಬುಕ್ ನೋಡದೆ ನಗದು ಪುಸ್ತಕವನ್ನು ಮಾತ್ರ ನೋಡುತ್ತಿರುವ ಕಚೇರಿಗಳಲ್ಲೇ ಮೇಲೆ ಹೇಳಿದ ಅನಾಹುತಗಳು ಸಂಭವಿಸುತ್ತವೆ.

ದೋಷ ಪತ್ತೆಯ ಮೊದಲ ಹೆಜ್ಜೆಯೂ ಇದೇ. ಹೊಸ ಪತ್ರ ಇಳಿಯುತ್ತಿಲ್ಲವೆಂಬ ಅನುಮಾನ ಬಂದೊಡನೆ ತಂತ್ರಾಂಶದ ಸೆಟ್ಟಿಂಗ್‌ಗಳಿಗೆ ಕೈ ಹಾಕಬಾರದು. ಮೊದಲು ವೆಬ್‌ಮೇಲ್ ತೆರೆಯಬೇಕು. ಬೇರೊಂದು ವಿಳಾಸದಿಂದ ತಮಗೆ ತಾವೇ ಒಂದು ಪರೀಕ್ಷಾ ಪತ್ರ ಕಳುಹಿಸಿಕೊಳ್ಳಬೇಕು. ಆ ಪತ್ರ ವೆಬ್‌ಮೇಲಿನಲ್ಲಿ ಕಾಣಿಸಿ ಔಟ್‌ಲುಕ್‌ನಲ್ಲಿ ಕಾಣಿಸದಿದ್ದರೆ ದೋಷ ಕಚೇರಿಯ ಗಣಕಯಂತ್ರದಲ್ಲಿದೆ ಅಥವಾ ಅದಕ್ಕೂ ಸರ್ವರ್‌ಗೂ ನಡುವಣ ದಾರಿಯಲ್ಲಿದೆ. ವೆಬ್‌ಮೇಲಿನಲ್ಲಿಯೂ ಕಾಣಿಸದಿದ್ದರೆ ಔಟ್‌ಲುಕ್ ನಿರಪರಾಧಿ. ಅದನ್ನು ದಿನವಿಡೀ ಬಿಚ್ಚಿ ಜೋಡಿಸಿದರೂ ಪ್ರಯೋಜನವಿಲ್ಲ. ಐದು ನಿಮಿಷದ ಈ ಪರೀಕ್ಷೆಯನ್ನು ಮಾಡದೆ ದುರಸ್ತಿಯವರನ್ನು ಕರೆಸಿ ಶುಲ್ಕ ತೆರುವವರ ಸಂಖ್ಯೆ ದೊಡ್ಡದು.

ದೋಷ ಕಚೇರಿಯ ಕಡೆಯದೆಂದು ಖಚಿತವಾದಲ್ಲಿ, ಇತ್ತೀಚಿನ ವರ್ಷಗಳಲ್ಲಿ ಅತ್ಯಂತ ಸಾಮಾನ್ಯವಾಗಿ ಕಂಡುಬಂದ ಕಾರಣ ಪಾಸ್‌ವರ್ಡಿಗೆ ಸಂಬಂಧಿಸಿದ್ದು. ಹಿಂದೆ ತಂತ್ರಾಂಶವು ಬಳಕೆದಾರರ ಹೆಸರು, ಪಾಸ್‌ವರ್ಡ್ ಎರಡನ್ನು ಒಪ್ಪಿಸಿದರೆ ಸರ್ವರ್ ಬಾಗಿಲು ತೆರೆಯುತ್ತಿತ್ತು. ಗೂಗಲ್ ಸಂಸ್ಥೆಯು 2022ರ ಮೇ 30ರಿಂದ ವೈಯಕ್ತಿಕ ಜಿಮೇಲ್ ಖಾತೆಗಳಿಗೆ ಈ ಹಳೆಯ ಪದ್ಧತಿಯನ್ನು ನಿಲ್ಲಿಸಿತು. ಸಂಸ್ಥೆಗಳು ಹಣ ತೆತ್ತು ಬಳಸುವ ಖಾತೆಗಳಿಗೆ 2025ರಲ್ಲಿ ನಿಲ್ಲಿಸಿತು. ಮೈಕ್ರೋಸಾಫ್ಟ್ ಸಂಸ್ಥೆಯು ವಾಣಿಜ್ಯ ಖಾತೆಗಳಿಗೆ 2022ರ ಅಕ್ಟೋಬರ್ 1ರಿಂದ, ಹಾಟ್‌ಮೇಲ್‌ನಂತಹ ವೈಯಕ್ತಿಕ ಖಾತೆಗಳಿಗೆ 2024ರ ಸೆಪ್ಟೆಂಬರ್ 16ರಿಂದ ಇದೇ ಕ್ರಮ ಕೈಗೊಂಡಿತು. ಮರುದಿನ ಬೆಳಿಗ್ಗೆ ಕಚೇರಿಗೆ ಬಂದವರು ಕಂಡದ್ದು ಪಾಸ್‌ವರ್ಡ್ ಕೇಳುವ ಚಿಕ್ಕ ಚೌಕ. ಸರಿಯಾದ ಪಾಸ್‌ವರ್ಡ್ ಕೊಟ್ಟರೂ ಅದು ಮತ್ತೆ ಮತ್ತೆ ಎದ್ದು ನಿಲ್ಲುತ್ತಿತ್ತು. ಪಾಸ್‌ವರ್ಡ್ ಮರೆತಿರಬೇಕೆಂದು ಬದಲಾಯಿಸಿದವರು, ಬದಲಾಯಿಸಿದ್ದನ್ನು ಮತ್ತೆ ಬದಲಾಯಿಸಿದವರು ಉಂಟು. ಕೆಲವರು ಆ ಚೌಕವನ್ನು ಮುಚ್ಚಿ ಹಳೆಯ ಪತ್ರಗಳನ್ನೇ ನೋಡುತ್ತ ದಿನ ಕಳೆದರು.

ಪರಿಹಾರ ಎರಡು ಬಗೆಯದು. ಈಗಿನ ಔಟ್‌ಲುಕ್ ಮತ್ತು ಥಂಡರ್‌ಬರ್ಡ್ ಆವೃತ್ತಿಗಳಲ್ಲಿ ಖಾತೆಯನ್ನು ಸೇರಿಸುವಾಗ ಗೂಗಲ್ ಅಥವಾ ಮೈಕ್ರೋಸಾಫ್ಟಿನ ಪುಟವೇ ತೆರೆದುಕೊಳ್ಳುತ್ತದೆ. ಅಲ್ಲಿ ಪ್ರವೇಶ ಪಡೆದು ಅನುಮತಿ ನೀಡಿದರೆ ಸಾಕು, ತಂತ್ರಾಂಶಕ್ಕೆ ಪಾಸ್‌ವರ್ಡ್ ಒಪ್ಪಿಸುವ ಅಗತ್ಯವೇ ಇಲ್ಲ. ಹಳೆಯ ತಂತ್ರಾಂಶವನ್ನೇ ಉಳಿಸಿಕೊಳ್ಳುವವರು ಗೂಗಲ್ ಖಾತೆಯಲ್ಲಿ ಎರಡು ಹಂತದ ದೃಢೀಕರಣವನ್ನು ಚಾಲೂ ಮಾಡಿ, ಆ್ಯಪ್ ಪಾಸ್‌ವರ್ಡ್ ಎಂಬ 16 ಅಕ್ಷರಗಳ ಪ್ರತ್ಯೇಕ ಗುಪ್ತಪದವನ್ನು ಪಡೆದು ಅದನ್ನು ತಂತ್ರಾಂಶದಲ್ಲಿ ನಮೂದಿಸಬೇಕು. ಇಲ್ಲಿ ಒಂದು ಸೂಕ್ಷ್ಮವುಂಟು. ಖಾತೆಯ ಮುಖ್ಯ ಪಾಸ್‌ವರ್ಡನ್ನು ಬದಲಾಯಿಸಿದೊಡನೆ ಆ್ಯಪ್ ಪಾಸ್‌ವರ್ಡುಗಳು ರದ್ದಾಗುತ್ತವೆ. ಕೆಲಸ ಬಿಟ್ಟ ನೌಕರರ ಕಾರಣಕ್ಕೆ ಪಾಸ್‌ವರ್ಡ್ ಬದಲಾಯಿಸಿದ ದಿನದಿಂದ ಮೇಲ್ ಇಳಿಯುವುದು ನಿಂತಿದ್ದರೆ ಕಾರಣ ಹುಡುಕಲು ಬಹಳ ದೂರ ಹೋಗಬೇಕಾಗಿಲ್ಲ.

ಎರಡನೆಯ ಸಾಮಾನ್ಯ ಕಾರಣ ತುಂಬಿ ತುಳುಕುವ ಕಡತ. ಔಟ್‌ಲುಕ್ ತಾನು ಇಳಿಸಿಕೊಂಡ ಪತ್ರಗಳನ್ನೆಲ್ಲ ಒಂದೇ ದೊಡ್ಡ ಕಡತದಲ್ಲಿ ಕಟ್ಟಿಡುತ್ತದೆ. ಈ ಕಡತದ ಮಿತಿ 2002ರ ಮತ್ತು ಅದಕ್ಕೂ ಹಿಂದಿನ ಆವೃತ್ತಿಗಳಲ್ಲಿ 2 ಜಿಬಿ, 2003 ಹಾಗೂ 2007ರ ಆವೃತ್ತಿಗಳಲ್ಲಿ 20 ಜಿಬಿ, 2010ರಿಂದೀಚೆಗೆ 50 ಜಿಬಿ. ಹಳೆಯ ಕಡತವನ್ನೇ ಹೊಸ ಆವೃತ್ತಿಗೆ ತಂದವರಿಗೆ ಹಳೆಯ 2 ಜಿಬಿ ಮಿತಿಯೇ ಮುಂದುವರಿಯುವುದುಂಟು. ಮಿತಿ ಮುಟ್ಟಿದೊಡನೆ ಹೊಸ ಪತ್ರ ಇಳಿಯುವುದು ನಿಲ್ಲುತ್ತದೆ. ಡ್ರಾಯಿಂಗ್‌ಗಳು, ಸ್ಕ್ಯಾನ್ ಮಾಡಿದ ಬಿಲ್ಲುಗಳು, ಯಂತ್ರಭಾಗಗಳ ಛಾಯಾಚಿತ್ರಗಳು ಪ್ರತಿದಿನ ಬರುವ ಘಟಕಗಳಲ್ಲಿ ಇದು ಅನಿರೀಕ್ಷಿತವಲ್ಲ. ಥಂಡರ್‌ಬರ್ಡ್‌ನಲ್ಲಿ ಅಳಿಸಿದ ಪತ್ರಗಳೂ 'ಕಾಂಪ್ಯಾಕ್ಟ್' ಎಂಬ ಆದೇಶ ಕೊಡುವವರೆಗೆ ಕಡತದೊಳಗೇ ಜಾಗ ಹಿಡಿದಿರುತ್ತವೆ. ವರ್ಷಕ್ಕೊಂದು ಹೊಸ ಲೆಡ್ಜರ್ ತೆರೆಯುವಂತೆ ಹಣಕಾಸು ವರ್ಷಕ್ಕೊಂದು ಮೇಲ್ ಕಡತ ತೆರೆದು, ಹಳೆಯದನ್ನು ಬೇರೆ ಹಾರ್ಡ್ ಡಿಸ್ಕಿನಲ್ಲಿ ಇಡುವ ಕ್ರಮ ಒಳ್ಳೆಯದು. ಜಿಎಸ್‌ಟಿಯಡಿ ದಾಖಲೆಗಳನ್ನು ಆಯಾ ವರ್ಷದ ವಾರ್ಷಿಕ ರಿಟರ್ನ್ ಸಲ್ಲಿಕೆಯ ಕೊನೆಯ ದಿನದಿಂದ 72 ತಿಂಗಳು ಕಾಪಾಡಬೇಕೆಂಬ ನಿಯಮಕ್ಕೂ ಇದು ಹೊಂದುತ್ತದೆ.

ಇವೆರಡೂ ಅಲ್ಲದಿದ್ದಲ್ಲಿ ಚಿಲ್ಲರೆ ಕಾರಣಗಳು ಬಹಳಷ್ಟಿವೆ. ಕೈತಪ್ಪಿ 'ವರ್ಕ್ ಆಫ್‌ಲೈನ್' ಒತ್ತಿದ್ದರೆ ತಂತ್ರಾಂಶ ಸರ್ವರ್ ಕಡೆ ಮುಖವನ್ನೇ ಮಾಡುವುದಿಲ್ಲ. ದೊಡ್ಡ ಲಗತ್ತು ಹೊತ್ತ ಒಂದು ಪತ್ರ ಅರ್ಧ ದಾರಿಯಲ್ಲಿ ಸಿಕ್ಕಿಕೊಂಡರೆ, ಸಂತೆಯ ರಸ್ತೆಯಲ್ಲಿ ಕೆಟ್ಟು ನಿಂತ ಲಾರಿಯ ಹಿಂದೆ ವಾಹನಗಳು ನಿಲ್ಲುವಂತೆ ಮಿಕ್ಕವು ಹಿಂದೆ ನಿಲ್ಲುತ್ತವೆ. ವೆಬ್‌ಮೇಲಿನಲ್ಲಿ ಆ ಒಂದು ಪತ್ರವನ್ನು ಬೇರೆ ಕಡೆ ಸರಿಸಿದರೆ ದಾರಿ ತೆರವಾಗುತ್ತದೆ. ವೈರಸ್ ನಿರೋಧಕ ತಂತ್ರಾಂಶವು ಬರುವ ಪತ್ರಗಳನ್ನು ಪರಿಶೀಲಿಸುವ ನೆಪದಲ್ಲಿ ತಡೆಹಿಡಿಯುವುದೂ ಉಂಟು. ಪೋರ್ಟ್ ಸಂಖ್ಯೆ ಹಳೆಯದಾಗಿರಬಹುದು: ಸುರಕ್ಷಿತ ಸಂಪರ್ಕಕ್ಕೆ ಪಾಪ್ ವಿಧಾನದಲ್ಲಿ 995, ಐಮ್ಯಾಪ್ ವಿಧಾನದಲ್ಲಿ 993 ಇರಬೇಕು. 110 ಅಥವಾ 143 ಇದ್ದಲ್ಲಿ ಸಂಶಯಪಡಬೇಕು. ದೋಷದ ಸಂದೇಶವೇನಾದರೂ ಪರದೆಯ ಮೇಲೆ ಬಂದರೆ ಅದನ್ನು ಮುಚ್ಚುವ ಮೊದಲು ಅದರಲ್ಲಿನ ಸಂಖ್ಯೆಯನ್ನು ಚೀಟಿಯಲ್ಲಿ ಬರೆದುಕೊಳ್ಳುವುದು ಲೇಸು. "ಏನೋ ಇಂಗ್ಲಿಷಿನಲ್ಲಿ ಬಂತು, ಕ್ಲೋಸ್ ಮಾಡಿದೆ" ಎಂಬ ವರದಿಯಿಂದ ಯಾವ ತಜ್ಞರಿಗೂ ಸಹಾಯವಾಗದು.

ಪಾಪ್ ಮತ್ತು ಐಮ್ಯಾಪ್ ಎಂಬ ಎರಡು ವಿಧಾನಗಳ ವ್ಯತ್ಯಾಸ ಮಾತ್ರ ಪ್ರತಿಯೊಬ್ಬ ಮಾಲೀಕರಿಗೂ ತಿಳಿದಿರಬೇಕು. ಪಾಪ್ ಎಂಬುದರ ವಿಸ್ತೃತ ರೂಪವೇ ಪೋಸ್ಟ್ ಆಫೀಸ್ ಪ್ರೋಟೊಕಾಲ್. ಪೇಟೆಯ ವರ್ತಕರು ಹಿಂದೆ ಪ್ರಧಾನ ಅಂಚೆ ಕಚೇರಿಯಲ್ಲಿ ಬಾಡಿಗೆಯ ಪೆಟ್ಟಿಗೆ ಇಟ್ಟುಕೊಂಡು, ಆಳನ್ನು ಕಳುಹಿಸಿ ಟಪಾಲು ತರಿಸಿಕೊಳ್ಳುತ್ತಿದ್ದಂತೆಯೇ ಇದರ ಕೆಲಸ: ಪತ್ರಗಳನ್ನು ಎತ್ತಿ ತಂದ ಮೇಲೆ, ಪ್ರತಿಯನ್ನು ಅಲ್ಲೇ ಬಿಡೆಂದು ಹೇಳದಿದ್ದರೆ, ಪೆಟ್ಟಿಗೆ ಖಾಲಿ. ಐಮ್ಯಾಪ್‌ನಲ್ಲಿ ಪತ್ರಗಳು ಸರ್ವರ್‌ನಲ್ಲೇ ಇರುತ್ತವೆ. ಕಚೇರಿಯ ಗಣಕಯಂತ್ರ, ಮಾಲೀಕರ ಮೊಬೈಲು, ಮನೆಯ ಲ್ಯಾಪ್‌ಟಾಪ್ ಎಲ್ಲವೂ ಒಂದೇ ಪುಸ್ತಕವನ್ನು ನೋಡುತ್ತವೆ.

ಪಾಪ್ ಬಳಸುವ ಕಚೇರಿಯಲ್ಲಿ ಎರಡು ಗಣಕಯಂತ್ರಗಳು ಒಂದೇ ಖಾತೆಗೆ ಕೈ ಹಾಕಿದರೆ, ಮೊದಲು ಹೋದದ್ದು ಪತ್ರವನ್ನು ಹೊತ್ತು ತರುತ್ತದೆ, ಎರಡನೆಯದು ಬರಿಗೈಯಲ್ಲಿ ಮರಳುತ್ತದೆ. ಲೆಕ್ಕ ವಿಭಾಗದವರಿಗೆ ಅರ್ಧ ಪತ್ರ, ಮಾರಾಟ ವಿಭಾಗದವರಿಗೆ ಅರ್ಧ ಪತ್ರ ಸಿಕ್ಕುವ ವಿಚಿತ್ರಕ್ಕೆ ಇದೇ ಕಾರಣ. ಜಿಮೇಲ್ ಅಂತೂ ಪಾಪ್ ಮೂಲಕ ಒಮ್ಮೆ ಕೊಟ್ಟ ಪತ್ರವನ್ನು ಇನ್ನೊಂದು ಯಂತ್ರಕ್ಕೆ ಸಾಮಾನ್ಯವಾಗಿ ಕೊಡುವುದಿಲ್ಲ. ಬಳಕೆದಾರರ ಹೆಸರಿನ ಹಿಂದೆ ಇಂಗ್ಲಿಷಿನಲ್ಲಿ ರೀಸೆಂಟ್ ಎಂಬ ಪದ ಹಾಗೂ ಒಂದು ಕೋಲನ್ ಚಿಹ್ನೆ ಸೇರಿಸಿದರೆ ಕಳೆದ 30 ದಿನಗಳ ಪತ್ರಗಳನ್ನು ಮತ್ತೆ ಕೊಡುತ್ತದೆ. ಇದೊಂದು ತಾತ್ಕಾಲಿಕ ಉಪಾಯವೇ ಹೊರತು ವ್ಯವಸ್ಥೆಯಲ್ಲ. ಒಂದಕ್ಕಿಂತ ಹೆಚ್ಚು ಜನ ನೋಡುವ ವ್ಯವಹಾರದ ಖಾತೆಗೆ ಐಮ್ಯಾಪ್ ಒಂದೇ ಸರಿಯಾದ ದಾರಿ. ಹೊಂದಾಣಿಕೆ ತಃಖ್ತೆಯ ದೃಷ್ಟಿಯಿಂದಲೂ ಸರ್ವರ್‌ನಲ್ಲಿ ಪ್ರತಿ ಇಲ್ಲದಿದ್ದರೆ ತಾಳೆ ನೋಡಲು ಪಾಸ್‌ಬುಕ್ಕೇ ಇರುವುದಿಲ್ಲ.

ಇನ್ನು ಪರೀಕ್ಷಾ ಪತ್ರವು ವೆಬ್‌ಮೇಲಿನಲ್ಲಿಯೂ ಕಾಣಿಸದ ಪ್ರಕರಣಗಳು. ಮೊದಲು ನೋಡಬೇಕಾದದ್ದು ಜಾಗ. ಜಿಮೇಲ್ ಉಚಿತವಾಗಿ ಕೊಡುವ 15 ಜಿಬಿ ಜಾಗವನ್ನು ಪತ್ರಗಳ ಜೊತೆಗೆ ಡ್ರೈವ್‌ನ ಕಡತಗಳೂ ಫೋಟೋಗಳೂ ಹಂಚಿಕೊಳ್ಳುತ್ತವೆ. ಮೊಮ್ಮಗುವಿನ ನಾಮಕರಣದ ವಿಡಿಯೋಗಳು ಸಂಸ್ಥೆಯ ಟಪಾಲಿಗೆ ಅಡ್ಡ ಬರುವುದು ಹೀಗೆ. ಜಾಗ ತುಂಬಿದ ಮೇಲೆ ಬರುವ ಪತ್ರಗಳು ಕಳುಹಿಸಿದವರಿಗೆ ಹಿಂತಿರುಗುತ್ತವೆ. ಕಳುಹಿಸಿದವರು ಗ್ರಾಹಕರಾದರೆ ಫೋನ್ ಮಾಡಿಯಾರು. ಉತ್ತರ ಬರೆಯಬೇಡಿ ಎಂಬ ಹೆಸರಿನ ಸರ್ಕಾರಿ ವಿಳಾಸವಾದರೆ, ಹಿಂತಿರುಗಿದ ಪತ್ರವನ್ನು ಓದುವವರೇ ಇರುವುದಿಲ್ಲ.

ಸ್ವಂತ ಡೊಮೈನ್ ಹೆಸರಿನಲ್ಲಿ ವಿಳಾಸ ಹೊಂದಿದವರಿಗೆ ಇನ್ನೊಂದು ಅಪಾಯವಿದೆ. ಡೊಮೈನನ್ನು ಕಾಲಕಾಲಕ್ಕೆ ನವೀಕರಿಸಬೇಕು. ವೆಬ್‌ಸೈಟ್ ಮಾಡಿಕೊಟ್ಟವರು ತಮ್ಮ ಹೆಸರಿನಲ್ಲೇ, ತಮ್ಮದೇ ಇ-ಮೇಲ್ ವಿಳಾಸ ಕೊಟ್ಟು ನೋಂದಾಯಿಸಿದ್ದರೆ ನವೀಕರಣದ ಸೂಚನೆ ಅವರಿಗೆ ಹೋಗುತ್ತದೆ. ಅವರು ಆ ವೃತ್ತಿಯನ್ನೇ ಬಿಟ್ಟಿದ್ದರೆ ಒಂದು ದಿನ ಸಂಸ್ಥೆಯ ಎಲ್ಲ ವಿಳಾಸಗಳೂ ಒಟ್ಟಿಗೆ ಮೂಕವಾಗುತ್ತವೆ. ಗೋದಾಮಿನ ಬಾಡಿಗೆ ಕರಾರನ್ನು ಬೇರೆಯವರ ಹೆಸರಿನಲ್ಲಿ ಮಾಡಿಸಲು ಒಪ್ಪದ ವ್ಯಾಪಾರಿಗಳು ಡೊಮೈನಿನ ವಿಷಯದಲ್ಲಿ ಇಷ್ಟೊಂದು ಉದಾರಿಗಳಾಗಿರುವುದು ಆಶ್ಚರ್ಯಕರ.

ಎಲ್ಲಕ್ಕಿಂತ ಗಂಭೀರವಾಗಿ ಪರಿಗಣಿಸಬೇಕಾದದ್ದು, ಕೆಲವೇ ಪತ್ರಗಳು ಮಾತ್ರ ಮಾಯವಾಗುವ ಸಂದರ್ಭ. ಮಿಕ್ಕೆಲ್ಲ ಬರುತ್ತಿದ್ದು ಒಬ್ಬ ಸರಬರಾಜುದಾರರ ಅಥವಾ ಒಬ್ಬ ವಿದೇಶಿ ಖರೀದಿದಾರರ ಪತ್ರಗಳು ಮಾತ್ರ ಬಾರದಿದ್ದರೆ, ಸ್ಪಾಮ್ ಕೋಶವನ್ನು ನೋಡಿದ ನಂತರ, ವೆಬ್‌ಮೇಲಿನ ಸೆಟ್ಟಿಂಗ್‌ಗಳಲ್ಲಿ ನಿಯಮಗಳು ಹಾಗೂ ಫಾರ್ವರ್ಡಿಂಗ್ ಎಂಬ ಭಾಗಗಳನ್ನು ತಪ್ಪದೆ ಪರೀಕ್ಷಿಸಬೇಕು. ಪಾಸ್‌ವರ್ಡ್ ಕದ್ದ ವಂಚಕರು ಖಾತೆಯೊಳಗೆ ಸದ್ದಿಲ್ಲದೆ ಒಂದು ನಿಯಮ ಬರೆದಿಡುತ್ತಾರೆ: ಇಂತಹವರಿಂದ ಬಂದ ಪತ್ರವನ್ನು ಮಾಲೀಕರ ಕಣ್ಣಿಗೆ ಬೀಳದ ಕೋಶಕ್ಕೆ ಸರಿಸು, ಒಂದು ಪ್ರತಿಯನ್ನು ಇಲ್ಲಿಗೆ ಕಳುಹಿಸು. ಆಮೇಲೆ ಸರಬರಾಜುದಾರರ ಹೆಸರಿನಲ್ಲಿ ತಾವೇ ಪತ್ರ ಬರೆದು, ಬ್ಯಾಂಕ್ ಖಾತೆ ಬದಲಾಗಿದೆ, ಹಣವನ್ನು ಹೊಸ ಖಾತೆಗೆ ಕಳುಹಿಸಿ ಎನ್ನುತ್ತಾರೆ. ನಿಜವಾದ ಸರಬರಾಜುದಾರರ ಪತ್ರಗಳು ಕಾಣದಿರುವುದರಿಂದ ವಂಚನೆ ಬಯಲಾಗುವುದು ಹಣ ಹೋದ ಮೇಲೆ. ಖಾತೆ ಸಂಖ್ಯೆ ಬದಲಾವಣೆಯ ಯಾವ ಇ-ಮೇಲನ್ನೂ, ಮೊದಲಿನಿಂದ ಗೊತ್ತಿರುವ ದೂರವಾಣಿ ಸಂಖ್ಯೆಗೆ ಮಾತನಾಡಿ ಖಚಿತಪಡಿಸಿಕೊಳ್ಳದೆ ಪಾಲಿಸಕೂಡದು. ಹಣ ಹೋಗಿದ್ದರೆ ತಡಮಾಡದೆ ಬ್ಯಾಂಕಿಗೂ 1930 ಸಹಾಯವಾಣಿಗೂ ತಿಳಿಸಬೇಕು.

ದುರಸ್ತಿಯ ಹೆಸರಿನಲ್ಲಿ ಮಾಡಬಾರದ ಕೆಲಸಗಳೂ ಕೆಲವಿವೆ. ಔಟ್‌ಲುಕ್‌ನಿಂದ ಖಾತೆಯನ್ನೇ ಅಳಿಸಿ ಹೊಸದಾಗಿ ಸೇರಿಸುವುದು ಐಮ್ಯಾಪ್‌ನಲ್ಲಿ ಬಹುಮಟ್ಟಿಗೆ ನಿರಪಾಯ; ಪಾಪ್‌ನಲ್ಲಿ ಕಡತದ ನಕಲು ತೆಗೆದಿಡದೆ ಹಾಗೆ ಮಾಡಿದರೆ ಹಳೆಯ ಪತ್ರವ್ಯವಹಾರವೆಲ್ಲ ಕೈಬಿಟ್ಟು ಹೋದೀತು. ಅಂತರಜಾಲದಲ್ಲಿ ಹುಡುಕಿ ಸಿಕ್ಕಿದ ಸಹಾಯವಾಣಿ ಸಂಖ್ಯೆಗೆ ಕರೆ ಮಾಡಿ, ಅವರು ಹೇಳಿದ ತಂತ್ರಾಂಶ ಹಾಕಿಕೊಂಡು ಗಣಕಯಂತ್ರವನ್ನು ಅವರ ಕೈಗೊಪ್ಪಿಸುವುದು ಬೀಗದ ಕೈಯನ್ನು ದಾರಿಹೋಕರಿಗೆ ಕೊಟ್ಟಂತೆ. 2020ರ ಜನವರಿ 14ರಂದೇ ಬೆಂಬಲ ನಿಂತ ವಿಂಡೋಸ್ 7ರ ಮೇಲೆ ಔಟ್‌ಲುಕ್ 2007 ಓಡಿಸುತ್ತ, ಹೊಸ ಭದ್ರತಾ ಕ್ರಮಗಳನ್ನು ಒಪ್ಪದ ಆ ಯಂತ್ರವನ್ನು ವರ್ಷಕ್ಕೆರಡು ಬಾರಿ ದುರಸ್ತಿ ಮಾಡಿಸುವುದು ಉಳಿತಾಯವೂ ಅಲ್ಲ.

ಇಷ್ಟೆಲ್ಲ ಏಕೆ, ಎಲ್ಲವೂ ವಾಟ್ಸಾಪ್‌ನಲ್ಲೇ ನಡೆಯುತ್ತಿದೆಯಲ್ಲ ಎಂದು ಕೇಳುವ ಸದಸ್ಯರಿದ್ದಾರೆ. ಆದೇಶ, ದರ, ಲಾರಿ ನಂಬರು ಎಲ್ಲವೂ ಅಲ್ಲಿ ನಡೆಯುತ್ತಿರುವುದು ನಿಜ. ಆದರೆ 169ನೇ ಕಲಮಿನ ಪಟ್ಟಿಯಲ್ಲಿ ವಾಟ್ಸಾಪ್ ಇಲ್ಲ, ಇ-ಮೇಲ್ ಇದೆ.

ಇಲಾಖೆಯ ಕಡೆಯಿಂದಲೂ ನ್ಯಾಯ ಸಲ್ಲಬೇಕೆಂಬುದನ್ನು ಹೇಳದೆ ವಿಧಿಯಿಲ್ಲ. ಪೋರ್ಟಲ್ಲಿನಲ್ಲಿ ಹೆಚ್ಚುವರಿ ನೋಟೀಸುಗಳು ಎಂಬ ಪ್ರತ್ಯೇಕ ಮೂಲೆಯಲ್ಲಿ ಸೇರಿಸಿಟ್ಟ ನೋಟೀಸನ್ನು ಕಾಣದೆ, ಏಕಪಕ್ಷೀಯ ಆದೇಶಕ್ಕೆ ಗುರಿಯಾದ ವರ್ತಕರು ಅನೇಕರು. ಪೋರ್ಟಲ್ಲಿಗೆ ಹಾಕಿದ್ದಕ್ಕೆ ಉತ್ತರ ಬಾರದಿದ್ದಾಗ ಅಧಿಕಾರಿಗಳು ಇತರ ವಿಧಾನಗಳನ್ನೂ ಪ್ರಯತ್ನಿಸಬೇಕಿತ್ತೆಂದು ಮದ್ರಾಸ್ ಉಚ್ಚ ನ್ಯಾಯಾಲಯವು ಹಲವು ಪ್ರಕರಣಗಳಲ್ಲಿ ಹೇಳಿ, ವಿವಾದಿತ ತೆರಿಗೆಯ ಒಂದಂಶವನ್ನು ಕಟ್ಟುವ ಷರತ್ತಿನ ಮೇಲೆ ಆದೇಶಗಳನ್ನು ರದ್ದುಪಡಿಸಿದೆ. ಆದರೆ ಉಚ್ಚ ನ್ಯಾಯಾಲಯದ ಮೆಟ್ಟಿಲು ಹತ್ತುವ ಖರ್ಚು, ವಿವಾದದ ಮೊತ್ತವನ್ನೇ ಮೀರುವ ಸಣ್ಣ ವರ್ತಕರ ಪಾಡೇನು? ನೋಂದಣಿ ರದ್ದತಿ ಹಾಗೂ ತೆರಿಗೆ ಬೇಡಿಕೆಯ ನೋಟೀಸುಗಳಿಗಾದರೂ ಇ-ಮೇಲ್ ಜೊತೆಗೆ ಸ್ಪೀಡ್ ಪೋಸ್ಟ್ ಕಡ್ಡಾಯವಾಗಬೇಕೆಂದು ವಾಣಿಜ್ಯ ಸಂಸ್ಥೆಗಳು ಒಟ್ಟಾಗಿ ಒತ್ತಾಯಿಸುವುದು ಸೂಕ್ತ. ಒಂದು ಲಕೋಟೆಯ ವೆಚ್ಚದಲ್ಲಿ ನೂರಾರು ರಿಟ್ ಅರ್ಜಿಗಳು ತಪ್ಪುತ್ತವೆ.

ತೆರಿಗೆ ಸಲಹೆಗಾರರ ಮತ್ತು ಲೆಕ್ಕಪರಿಶೋಧಕರ ವೃತ್ತಿಯೂ ಈ ವಿಷಯದಲ್ಲಿ ಕೈ ತೊಳೆದುಕೊಳ್ಳುವಂತಿಲ್ಲ. ವ್ಯಾಟ್‌ನಿಂದ ಜಿಎಸ್‌ಟಿಗೆ ವರ್ಗಾವಣೆಯಾದ 2016-17ರ ಗಡಿಬಿಡಿಯಲ್ಲಿ ಎಷ್ಟೋ ಕಕ್ಷಿದಾರರ ಅರ್ಜಿಗಳಿಗೆ ಸಲಹೆಗಾರರ ಕಚೇರಿಯದೇ ಇ-ಮೇಲ್, ಕಚೇರಿಯ ಹುಡುಗರದೇ ಮೊಬೈಲ್ ಸಂಖ್ಯೆ ಕೊಡಲಾಯಿತು. ಒಟಿಪಿಗಾಗಿ ಮತ್ತೆ ಮತ್ತೆ ಫೋನ್ ಮಾಡುವ ಕಷ್ಟ ತಪ್ಪಿತೆಂದು ಎರಡೂ ಕಡೆಯವರು ಸಂತೋಷಪಟ್ಟರು. ಈಗ ಒಂದೇ ಇನ್‌ಬಾಕ್ಸಿಗೆ ಅನೇಕ ವರ್ತಕರ ನೋಟೀಸುಗಳು ಬಂದು ಬೀಳುತ್ತಿವೆ. ಯಾವುದು ಯಾರದೆಂದು ತೆರೆದು ನೋಡುವ ಹೊತ್ತಿಗೆ ವಾರ ಕಳೆದಿರುತ್ತದೆ. ಸಲಹೆಗಾರರನ್ನು ಬದಲಾಯಿಸಿದ ವರ್ತಕರ ಸ್ಥಿತಿಯಂತೂ ಹೇಳತೀರದು, ಅವರ ಪತ್ರಗಳು ಹಳೆಯ ಕಚೇರಿಗೇ ಹೋಗುತ್ತಿರುತ್ತವೆ. ವರ್ತಕರ ಔಟ್‌ಲುಕ್ ಎಷ್ಟೇ ಸುಸ್ಥಿತಿಯಲ್ಲಿದ್ದರೂ ಅಲ್ಲಿಗೆ ಬಾರದ ಪತ್ರವನ್ನು ಅದು ಇಳಿಸಲಾರದು.

ಇದನ್ನು ಸರಿಪಡಿಸುವುದು ಕಷ್ಟವಲ್ಲ. ಪೋರ್ಟಲ್ಲಿನ ಪ್ರೊಫೈಲ್ ಪುಟದಲ್ಲಿ ಅಧಿಕೃತ ಸಹಿದಾರರ ಇ-ಮೇಲ್ ಮತ್ತು ಮೊಬೈಲ್ ಯಾವುದೆಂದು ಮಾಲೀಕರೇ ಖುದ್ದಾಗಿ ನೋಡಬೇಕು. ಬೇರೆಯವರದಿದ್ದರೆ ನಾನ್-ಕೋರ್ ತಿದ್ದುಪಡಿಯ ಅರ್ಜಿಯಲ್ಲಿ ಬದಲಾಯಿಸಬಹುದು. ಒಟಿಪಿ ಮೂಲಕ ದೃಢಪಟ್ಟರೆ ಅಧಿಕಾರಿಗಳ ಅನುಮೋದನೆಗೆ ಕಾಯಬೇಕಾಗಿಲ್ಲ. ಪಾಸ್‌ವರ್ಡೇ ಹಳೆಯ ಸಲಹೆಗಾರರ ಬಳಿ ಉಳಿದು ಅವರು ಸಿಗದಿದ್ದಲ್ಲಿ, ವ್ಯವಹಾರಕ್ಕೆ ಸಂಬಂಧಿಸಿದ ದಾಖಲೆಗಳೊಡನೆ ತಮ್ಮ ವ್ಯಾಪ್ತಿಯ ತೆರಿಗೆ ಅಧಿಕಾರಿಗೆ ಅರ್ಜಿ ಸಲ್ಲಿಸಿದರೆ, ಅವರು ಪರಿಶೀಲಿಸಿ ಹೊಸ ಇ-ಮೇಲ್ ಮತ್ತು ಮೊಬೈಲ್ ಸಂಖ್ಯೆಯನ್ನು ದಾಖಲಿಸಿಕೊಡಲು ಅವಕಾಶವಿದೆ. ಹಾಗೆ ಬದಲಾಯಿಸಿದ ದಿನವೇ ಕಚೇರಿಯ ಆವಕ ವಹಿಯಲ್ಲಿ ಇ-ಮೇಲಿಗೊಂದು ಅಂಕಣ ತೆರೆದು, ಪ್ರತಿ ಸೋಮವಾರ ವೆಬ್‌ಮೇಲ್, ಸ್ಪಾಮ್ ಕೋಶ, ಪೋರ್ಟಲ್ಲಿನ ಎರಡೂ ನೋಟೀಸು ಪುಟಗಳನ್ನು ನೋಡಿದ ಗುಮಾಸ್ತರು ದಿನಾಂಕ ಬರೆದು ಸಹಿ ಮಾಡುವ ಏರ್ಪಾಡು ಮಾಡಿದರೆ, ಆ ಗುಮಾಸ್ತರು ರಜೆಯಲ್ಲಿದ್ದ ವಾರ ಯಾವುದೆಂಬುದೂ ಖಾಲಿ ಬಿದ್ದ ಗೆರೆಯಿಂದ ಮಾಲೀಕರಿಗೆ ಗೊತ್ತಾಗುತ್ತದೆ.